ನೂರಿಪ್ಪತ್ತೇಳು ಹಲ್ಲಿನ ಗಾಲಿ

ತಾಂಡೂರಿನ ಎಣ್ಣೆ ಮಿಲ್ಲಿನಲ್ಲಿ ಮರೆಪ್ಪ ಎಂಜಿನ್ ಓಡಿಸುತ್ತಿದ್ದ. ಅಕ್ಷರ ಬರುತ್ತಿರಲಿಲ್ಲ, ಆದರೆ ಸಪ್ಪಳ ಕೇಳಿಯೇ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ. ಡಬ್ಬ ಹೊರಲು ಬಂದವನು ಆರು ವರ್ಷಗಳಲ್ಲಿ ಡ್ರೈವರ್ ಆಗಿದ್ದ. ಅವನ ಕೇರಿಯಲ್ಲಿ ಆ ಕೆಲಸಕ್ಕೇರಿದ ಮೊದಲಿಗ. ಅವನ ಅನ್ನ ಕಳೆದವನು ನಾನು, ಮನ್ಮಥಪ್ಪ, ಸ್ಟೇಷನ್ ರಸ್ತೆಯಲ್ಲಿ ಲೇಥು ಇಟ್ಟುಕೊಂಡವನು. ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದೇನಿಲ್ಲ. ಅವನ ಕಥೆ ಹೇಳದೆ ಇರಲಾರೆ.

ಯುದ್ಧದ ಕಾಲ. ಮಿಲ್ಲಿನ ಜರ್ಮನ್ ಎಂಜಿನ್ನಿನ ದೊಡ್ಡ ಬೋಲ್ಟೊಂದು ತುಂಡಾಯಿತು. ಜರ್ಮನಿಯಿಂದ ಬಿಡಿಭಾಗ ಬರುವ ಮಾತೆಲ್ಲಿ? ಮಿಲ್ಲಿನ ಸಾವುಕಾರ ಶಿವಶಂಕರಪ್ಪನವರು ಮರೆಪ್ಪನನ್ನು ನನ್ನ ಹತ್ತಿರ ಕಳಿಸಿದರು. ಅವನು ತುಂಡನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದ, ನಾನು ಎತ್ತಿಕೊಂಡೆ. ಅವನ ಕೈಯಿಂದ ನೇರವಾಗಿ ತೆಗೆದುಕೊಳ್ಳುವ ರೂಢಿ ನನಗಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನ ರೂಢಿ ಇದು!

ನನ್ನದು ಇಂಗ್ಲಿಷ್ ಲೇಥು, ಅಂಗುಲದ ಲೆಕ್ಕ. ಬೋಲ್ಟಿನ ಮೈಮೇಲಿನ ಸುತ್ತುಗೆರೆಗಳಿಗೆ ನಾವು ಚೂಡಿ ಅನ್ನುತ್ತೇವೆ. ಆ ತುಂಡಿಗೆ ಅಳತೆಪಟ್ಟಿ ಹಿಡಿದೆ: ಅಂಗುಲಕ್ಕೆ ಹತ್ತು ಚೂಡಿ, ಕೂದಲೆಳೆಯಷ್ಟು ಹೆಚ್ಚು. ಜರ್ಮನರು ಮಿಲಿಮೀಟರಿನಲ್ಲಿ ಕೊರೆಯುತ್ತಾರೆಂದು ಕೇಳಿದ್ದೆ, ಕೊರೆಯುವ ಬಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಲೇಥಿಗೆ ಹಾಕುವ ಹಲ್ಲಿನ ಗಾಲಿಗಳ ಮೇಲೆ ಚೂಡಿಯ ಲೆಕ್ಕ ನಿಲ್ಲುತ್ತದೆ. ನಲವತ್ತು ಹಲ್ಲಿನ ಗಾಲಿ ಮೇಲೆ, ನೂರರದು ಕೆಳಗೆ ಹಾಕಿ, ಅಂಗುಲಕ್ಕೆ ಸರಿಯಾಗಿ ಹತ್ತು ಕೊರೆದೆ.

"ಯಪ್ಪಾ, ಎಂಜಿನ್ನಿಂದೇ ಒಂದು ನಟ್ಟು ತಂದೀನ್ರಿ. ಬೋಲ್ಟು ಲೇಥಿನ ಮ್ಯಾಲ ಇರಾಗನ ಹಚ್ಚಿ ನೋಡ್ರಿ," ಎಂದ ಮರೆಪ್ಪ, ಹೊಸ್ತಿಲಾಚೆಯಿಂದ.

ಅವತ್ತು ಸೋಮವಾರ. ಲೇಥಿಗೆ ವಿಭೂತಿ ಹಚ್ಚಿ ಪೂಜೆ ಮಾಡಿದ್ದೆ. ಅವನು ಮುಟ್ಟಿದ ನಟ್ಟು ಅದಕ್ಕೆ ತಾಗುವುದು ನನಗೆ ಬೇಕಿರಲಿಲ್ಲ.

"ನಿನ್ನ ನಟ್ಟು ನಿನ್ನ ಹತ್ರಾನೇ ಇಟ್ಕೊ. ನಂಗ ಕಲಸ್ತಿಯೇನು?" ಎಂದೆ.

ಕೂಡಿಸುವಾಗ ನಾನೂ ಮಿಲ್ಲಿಗೆ ಹೋದೆ. ಎಂಜಿನ್ನಿನೊಳಗೆ ಬೋಲ್ಟು ನಾಲ್ಕು ಸುತ್ತು ಬೆರಳಲ್ಲೇ ಹೋಯಿತು. ಐದನೆಯದಕ್ಕೆ ಬಿಗಿಯಿತು.

"ಬ್ಯಾಡ್ರಿ ಯಪ್ಪಾ, ಚೂಡಿ ಕೂಡವಲ್ದು," ಎಂದ ಮರೆಪ್ಪ.

"ಹೊಸಾದು ಹಂಗೇ ಇರ್ತದ. ಪಾನಾಕ್ಕ ಪೈಪ್ ಹಾಕಿ ಜಗ್ಗು!" ಎಂದು ಗದರಿದೆ. ಅವನು ಸ್ಪ್ಯಾನರಿನ ಹಿಡಿಗೆ ಪೈಪ್ ತೊಡಿಸಿ ಜಗ್ಗಿದ. ಎಂಜಿನ್ನಿನ ಬೀಡು ಕಬ್ಬಿಣ ಟಳ್ ಎಂದು ಸೀಳಿತು.

ಸಾವುಕಾರರು ಓಡಿ ಬಂದರು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ನಾನು ಅವಳಿಗಿಂತಲೂ ಕೀಳಾದೆ. "ಎತ್ತಿನಂಗ ಜಗ್ಗ್ಯಾನ್ರಿ ಇವ," ಎಂದುಬಿಟ್ಟೆ. ಮರೆಪ್ಪ ನನ್ನ ಮುಖ ನೋಡಿ ಪಾನಾ ಕೆಳಗಿಟ್ಟ. ಅವನ ಮಾತು, ನನ್ನ ಮಾತು ಎದುರುಬದುರಾದರೆ ಯಾರದು ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸಂಜೆಯೊಳಗೆ ಅವನ ಕೆಲಸ ಹೋಯಿತು.

ಎಂಟು ತಿಂಗಳಾದ ಮೇಲೆ ರೈಲ್ವೆ ಫಿಟ್ಟರ್ ಹಣಮಂತರಾಯರು ನಮ್ಮ ಮನೆಗೆ ಬಂದರು. ಚಹಾ ಮಾಡಲೆಂದು ನನ್ನ ಹೆಂಡತಿ ಉಮಾಬಾಯಿ ಹಾಲಿನ ಗಡಿಗೆಗೆ ಕೈಹಾಕಿದಳು. ಬೆಕ್ಕು ಮುಚ್ಚಳ ತೆಗೆಯದಿರಲೆಂದು ಅದರ ಮೇಲೊಂದು ಅಗಲವಾದ ಹಲ್ಲಿನ ಗಾಲಿ ಹೇರಿದ್ದಳು. ಲೇಥಿನ ಜೊತೆಗೇ ಬಂದದ್ದು. ಯಾವುದಕ್ಕೂ ಹೊಂದುವುದಿಲ್ಲವೆಂದು ನಾನೇ ಕೊಟ್ಟಿದ್ದೆ.

ಹಣಮಂತರಾಯರು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಎಣಿಸಿದರು.

"ನೂರಾ ಇಪ್ಪತ್ತೇಳು! ಮನ್ಮಥಪ್ಪನೋರೆ, ಅಂಗುಲದ ಲೇಥಿನ ಮ್ಯಾಲ ಮಿಲಿಮೀಟರ್ ಚೂಡಿ ಕೊರಿಯೋ ಗಾಲಿ ಇದು. ಹಾಲಿಗಿ ಕಾವಲು ಇಟ್ಟೀರಲ್ರಿ!" ಎಂದು ನಕ್ಕರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಮರುದಿನ ಐವತ್ತರ ಗಾಲಿ ಮೇಲೆ, ನೂರಿಪ್ಪತ್ತೇಳರದು ಕೆಳಗೆ, ನಡುವೆ ಎರಡನ್ನೂ ಕೂಡಿಸುವುದೊಂದು ಹಾಕಿ ಅಂಥದೇ ಬೋಲ್ಟು ಕೊರೆದೆ. ಸಾವುಕಾರರ ಹತ್ತಿರ ಹೋಗಿ ತಪ್ಪು ನನ್ನದೆಂದೆ.

"ಎಂಜಿನ್ ರಿಪೇರಿ ಆತು, ಹೊಸ ಡ್ರೈವರ್ ಬಂದಾನ. ಹಳೀ ಮಾತು ಈಗ್ಯಾಕ?" ಎಂದರು ಅವರು.

ಮರೆಪ್ಪ ಊರಾಚೆ ಫರಸಿ ಕಲ್ಲಿನ ಗಣಿಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ತಪ್ಪು ನಂದು, ಮರೆಪ್ಪ. ನಾ ಸುಳ್ಳು ಹೇಳಿದ್ದೆ," ಎಂದು ಹೊಸ ಬೋಲ್ಟು ತೋರಿಸಿ ಎಲ್ಲವನ್ನೂ ಹೇಳಿದೆ.

ಅವನು ಸೊಂಟದ ಚೀಲದಿಂದ ಅದೇ ನಟ್ಟನ್ನು ತೆಗೆದ. ಎಂಟು ತಿಂಗಳಿಂದ ಇಟ್ಟುಕೊಂಡಿದ್ದ. ಬೋಲ್ಟಿಗಾಗಿ ಇನ್ನೊಂದು ಕೈ ಚಾಚಿದ.

ನಾನು ಬೋಲ್ಟನ್ನು ಇಬ್ಬರ ನಡುವಿನ ಕಲ್ಲಿನ ಮೇಲಿಟ್ಟೆ. ಏನು ಮಾಡಿದೆನೆಂದು ಇಟ್ಟ ಮೇಲೆ ತಿಳಿಯಿತು.

ಅವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಗ್ಗಿ ಎತ್ತಿಕೊಂಡು ನಟ್ಟು ಹಚ್ಚಿ ತಿರುವಿದ. ಕಡೆಯ ಸುತ್ತಿನವರೆಗೂ ಬೆರಳಲ್ಲೇ ಹೋಯಿತು.

"ಬೋಲ್ಟು ಸರಿ ಆಗ್ಯಾದ್ರಿ," ಎಂದು ಅದನ್ನು ತಿರುಗಿ ಕಲ್ಲಿನ ಮೇಲಿಟ್ಟು ಹಿಂದೆ ಸರಿದ.