ಪರಮೇಶ್ವರಿಯಮ್ಮನ ಮಡಿ ಮತ್ತು ಮೊಮ್ಮಗನ ಅಂಗಿ

ದರ್ಬೆಯ ಮುಖ್ಯರಸ್ತೆಯಿಂದ ನಾಲ್ಕು ಮೆಟ್ಟಿಲು ಇಳಿದರೆ ಸಿಗುವ ಆ ಹಂಚಿನ ಮನೆಗಿಂತ ಶುದ್ಧವಾದ ಮನೆ ಪುತ್ತೂರಿನಲ್ಲಿ ಇರಲಿಲ್ಲ. ಇದನ್ನು ಮೊದಲು ಹೇಳಿದವರು ಪರಮೇಶ್ವರಿಯಮ್ಮನೇ. ಹೇಳಿ ಹೇಳಿ ಊರಿನವರೂ ಒಪ್ಪಿಕೊಂಡಿದ್ದರು.

ಮೂವತ್ತೆರಡಕ್ಕೆ ಗಂಡ ತೀರಿಕೊಂಡಾಗ ಲೋಕ ಅವರಿಂದ ಒಂದೊಂದನ್ನೇ ತೆಗೆದುಕೊಂಡು ಅಡುಗೆಮನೆಯೊಂದನ್ನು ಬಿಟ್ಟುಕೊಟ್ಟಿತು. ಅದನ್ನು ಅವರು ರಾಜ್ಯದ ಹಾಗೆ ಆಳಿದರು. ಬೆಳಕು ಹರಿಯುವ ಮೊದಲು ಬಾವಿಕಟ್ಟೆಯಲ್ಲಿ ತಣ್ಣೀರು ಸುರಿದುಕೊಂಡು, ಎತ್ತರದ ಬಿದಿರಿನಲ್ಲಿ ಯಾರ ಕೈಗೂ ಎಟುಕದಂತೆ ಒಣಗಿದ ಸೀರೆ ಉಟ್ಟು ಒಳಗೆ ಹೋದರೆಂದರೆ, ಮಧ್ಯಾಹ್ನದ ಊಟ ಮುಗಿಯುವವರೆಗೆ ಯಾರೂ ಅವರನ್ನು ಮುಟ್ಟುವ ಹಾಗಿರಲಿಲ್ಲ. ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮಗ ಗೌರೀಶಂಕರ ಒಮ್ಮೆ ಅಂಗಿ ತೊಟ್ಟುಕೊಂಡೇ ಹೊಸಿಲು ದಾಟಿದ್ದಕ್ಕೆ ಒಂದು ಪಾತ್ರೆ ಸಾರು ತೆಂಗಿನ ಬುಡ ಸೇರಿತ್ತು. ಮರ್ಕಂಜದಿಂದ ಬಂದ ಸೊಸೆ ವಸುಮತಿ ಮದುವೆಯಾಗಿ ಆರು ವರ್ಷವಾದರೂ ಹೊಸಿಲಿನ ಹೊರಗೆ ಕೂತು ತರಕಾರಿ ಹೆಚ್ಚುತ್ತಿದ್ದಳು.

ಆ ರಾಜ್ಯಕ್ಕೆ ಅಪ್ಪಣೆಯಿಲ್ಲದೆ ಬರಬಹುದಾದ ಪ್ರಜೆ ಒಬ್ಬನೇ, ಬರಿಮೈಯ ಮಗು. ಮೈಲಿಗೆ ಇರುವುದು ಬಟ್ಟೆಯಲ್ಲಿ ತಾನೆ? ಬಟ್ಟೆ ಬಿಚ್ಚಿದ ಹಸುಳೆ ದೇವರ ಸಮಾನ. ಹಾಗಾಗಿ ಮಿಂದು ಬಂದ ತಾಯಿ ಹೊರಗಿರುತ್ತಿದ್ದಳು. ಅಂಗಳದಲ್ಲಿ ಹೊರಳಿ ಬಂದ ಮಗು ಅಂಗಿ ಬಿಚ್ಚಿಸಿಕೊಂಡು ನೇರ ಅಜ್ಜಿಯ ಮಡಿಲಿಗೆ ಹೋಗುತ್ತಿತ್ತು. ದಿನವಿಡೀ ಯಾರ ಮೈಯೂ ಸೋಕದ ಆ ಮುದುಕಿಗೆ ಭೂಮಿಯ ಮೇಲೆ ಇದ್ದ ಬೆಚ್ಚಗಿನ ಸುಖ ಅದೊಂದೇ.

ವಸುಮತಿಯ ಮೊದಲ ಮಗು, ಹೆಣ್ಣು, ಹನ್ನೊಂದು ತಿಂಗಳಿಗೆ ಹೋಯಿತು. ಎರಡನೆಯದು ಒಂದೂವರೆ ವರ್ಷಕ್ಕೆ. ಎರಡೂ ಆಟಿ ತಿಂಗಳ ಮಳೆಯಲ್ಲಿ, ಎರಡೂ ಭೇದಿಯಿಂದ. ಒಂದಕ್ಕೆ ಹಲ್ಲು ಬರುವುದು ಕಾರಣವಾಯಿತು, ಇನ್ನೊಂದಕ್ಕೆ ಯಾರದೋ ಕಣ್ಣು. ಮೂರನೆಯದು ಹುಟ್ಟಿದಾಗ ಹರಕೆ ಹೊತ್ತು ಮಹಾಗಣಪತಿ ಎಂದು ಹೆಸರಿಟ್ಟರು. ಒಂಬತ್ತನೇ ತಿಂಗಳಿಗೆ, ಮಳೆಗೆ ಇನ್ನೂ ಎರಡು ಮೂರು ತಿಂಗಳಿರುವಾಗಲೇ, ಗಣಪುವಿಗೂ ಭೇದಿ ಸುರುವಾಯಿತು.

ಈ ಸಲ ಗೌರೀಶಂಕರ ಅಮ್ಮನನ್ನು ಕೇಳದೆ ಪೇಟೆಯಿಂದ ಕೃಷ್ಣಮೋಹನ ಡಾಕ್ಟರನ್ನು ಕರೆತಂದ. ಡಾಕ್ಟರು ಉಪ್ಪು ಸಕ್ಕರೆ ಹಾಕಿದ ಗಂಜಿ ತೆಳಿಯನ್ನು ಚಮಚದಲ್ಲಿ ಬಿಡದೆ ಕುಡಿಸಲು ಹೇಳಿದರು.

"ಭೇದಿಗೆ ನೀರು ಕುಡಿಸುದಾ?" ಪರಮೇಶ್ವರಿಯಮ್ಮ ಒಳಗಿನಿಂದಲೇ ಕೇಳಿದರು. "ತೂತು ಕೊಡಕ್ಕೆ ನೀರು ಹೊಯ್ದ ಹಾಗೆ!"

"ತೂತು ಅಂತಲೇ ಹೊಯ್ಯುದು ಅಮ್ಮ, ಬರಿದಾಗಬಾರದಲ್ಲ."

ವಸುಮತಿ ಎರಡು ಹಗಲು ಚಮಚ ಕೆಳಗಿಡಲಿಲ್ಲ. ಮೂರನೆಯ ದಿನ ಮಗು ಕಣ್ಣರಳಿಸಿತು. ನೋಡಲು ಬಂದ ಡಾಕ್ಟರು ಜಗಲಿಯಲ್ಲಿ ಕೂತು ವಿಚಾರಣೆಗೆ ತೊಡಗಿದರು. ಒಂದೇ ಮನೆಯಲ್ಲಿ ಮೂರು ಮಕ್ಕಳಿಗೆ ಒಂದೇ ಕಾಯಿಲೆ ಅವರಿಗೆ ಸಮಾಧಾನ ತಂದಿರಲಿಲ್ಲ.

"ನೀರು ಎಲ್ಲಿಯದ್ದು ಅಮ್ಮ?"

"ನಮ್ಮದೇ ಬಾವಿ. ಕಟ್ಟೆ ಉಂಟು, ಮುಚ್ಚಳ ಉಂಟು. ಬೇರೆಯವರ ಕೊಡಪಾನ ಇಳಿಯುದಿಲ್ಲ."

"ಹಾಲು?"

"ನಮ್ಮ ಹಟ್ಟಿಯ ದನದ್ದೇ. ಕಾಯಿಸಿಯೇ ಕೊಡುದು. ಬಾಟ್ಲಿ ಗೀಟ್ಲಿ ಈ ಮನೆಗೆ ಬಂದಿಲ್ಲ."

"ನೊಣ?"

"ನೊಣ ಬಂದರೂ ಮಿಂದೇ ಬರಬೇಕು ಡಾಕ್ಟ್ರೆ, ಅಮ್ಮ ಬಿಡುದಿಲ್ಲ" ಎಂದ ಗೌರೀಶಂಕರ.

ಡಾಕ್ಟರು ಬಾವಿ ನೋಡಿದರು, ಹಟ್ಟಿ ನೋಡಿದರು, ತೋಟದಾಚೆಯ ಕಕ್ಕಸನ್ನೂ ನೋಡಿ ಬಂದರು. ತಪ್ಪು ಹುಡುಕಲು ಬಂದವರಿಗೆ ಬೇಸರವಾಗುವಷ್ಟು ಎಲ್ಲವೂ ಸರಿಯಾಗಿತ್ತು. ಅಷ್ಟರಲ್ಲಿ ಅಜ್ಜಿಯ ಮಡಿಲಿನಲ್ಲಿದ್ದ ಮಗು ಅಲ್ಲೇ ಮಾಡಿಕೊಂಡಿತು. ಪರಮೇಶ್ವರಿಯಮ್ಮ ಒಂದಿಷ್ಟೂ ಬೇಸರವಿಲ್ಲದೆ ಅದನ್ನು ಹಿಂಬಾಗಿಲಿಗೆ ಒಯ್ದು, ಬಲಗೈಯಿಂದ ಒಂದು ಚೆಂಬು ನೀರು ಹೊಯ್ದು, ಎಡಗೈಯಿಂದ ತೊಳೆದು, ಸೀರೆಗೂ ನಾಲ್ಕು ಹನಿ ಚಿಮುಕಿಸಿ, ಚೆಂಬಿನ ತಳದ ನೀರಿನಲ್ಲಿ ಎರಡೂ ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. ಒಳಗೆ ಬಂದು ಕೂತು, ಮಗುವಿಗೆಂದು ಮೆತ್ತಗೆ ಬೇಯಿಸಿದ ಅನ್ನವನ್ನು ಆ ಕೈಯಿಂದಲೇ ಅಕ್ಕರೆಯಿಂದ ನುರಿಯತೊಡಗಿದರು.

ಡಾಕ್ಟರು ಎದ್ದು ನಿಂತರು. "ಅಮ್ಮ, ಆ ಕೈಗೆ ಸಾಬೂನು ಹಾಕಬೇಕು."

"ಸಾಬೂನಾ? ಅದಕ್ಕೆ ಎಂತ ಕೊಬ್ಬು ಹಾಕುದು ಅಂತ ಗೊತ್ತುಂಟಾ ನಿಮಗೆ?"

"ಬೂದಿಯಾದರೂ ಆಗಬಹುದು."

"ಬೂದಿ ಪಾತ್ರೆ ತೊಳಿಲಿಕ್ಕೆ. ನನ್ನ ಕೈ ಎಂತ ಮುಸುರೆ ಪಾತ್ರೆಯಾ? ಹಸುಳೆಯದ್ದಕ್ಕೆ ಹೇಸುವವಳು ಅಜ್ಜಿಯಾ ಡಾಕ್ಟ್ರೆ?"

ಡಾಕ್ಟರು ಚೀಲ ಎತ್ತಿಕೊಂಡು ಹೊರಟರು. ಮೆಟ್ಟಿಲು ಹತ್ತುವಾಗ ವಸುಮತಿಗೆ ಮಾತ್ರ ಕೇಳುವಂತೆ ಹೇಳಿದರು: "ಈ ಸಲ ಉಳಿಯಿತು. ಬರುವ ಮಳೆಗೆ ಇನ್ನೊಮ್ಮೆ ಆದರೆ ನಾನು ಭರವಸೆ ಕೊಡುದಿಲ್ಲ. ಆ ಕೈ ನೋಡಿಕೊಳ್ಳಿ."

"ನೀವು ಹೇಳಿ" ಎಂದಳು ವಸುಮತಿ ಗಂಡನಿಗೆ, ಡಾಕ್ಟರು ಹೋದ ಮೇಲೆ.

"ನಾನಾ? ನಮ್ಮಮ್ಮನಿಗೆ ಕೈ ಕೊಳೆ ಅಂತ ಹೇಳುದಾ? ಮಾರಾಯ್ತಿ, ನನ್ನನ್ನು ಕಾಶಿಗೆ ಕಳಿಸಿಬಿಡು, ಅದು ಸುಲಭ."

ವಸುಮತಿ ಮಗುವನ್ನೆತ್ತಿಕೊಂಡು ತವರಿಗೆ ಹೋದಳು. ಮಳೆಗಾಲ ಹತ್ತಿರವಾದಾಗ ತಿರುಗಿ ಬಂದಳು. ಮಗುವಿನ ಮೈಮೇಲೆ ನೀಲಿ ಚೌಕುಳಿಯ ಅಂಗಿ ಇತ್ತು. ಗುಂಡಿ ಇರಲಿಲ್ಲ, ಕುತ್ತಿಗೆಯ ಹತ್ತಿರ ದಪ್ಪ ನೂಲಿನ ಹೊಲಿಗೆ ಇತ್ತು.

ಪರಮೇಶ್ವರಿಯಮ್ಮ ಅಡುಗೆಮನೆಯ ಬಾಗಿಲಿಗೇ ಓಡಿ ಬಂದರು. "ಬಾ ಮಗಾ! ವಸುಮತೀ, ಅಂಗಿ ಬಿಚ್ಚು, ಬೇಗ."

"ಬಿಚ್ಚಲಿಕ್ಕೆ ಆಗುದಿಲ್ಲ ಅತ್ತೆ, ಹೊಲಿದಾಗಿದೆ. ಥಂಡಿ ತಾಗಬಾರದು ಅಂತ ಡಾಕ್ಟ್ರು ಹೇಳಿದ್ದಾರೆ."

ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ.

"ಹರಿದು ತೆಗಿ."

"ತೆಗೆದು ಇವನಿಗೂ ಏನಾದರೂ ಆದರೆ, ಅತ್ತೆ?"

ಚಾಚಿದ ಕೈಗಳು ಗಾಳಿಯಲ್ಲಿ ನಿಂತು, ನಿಧಾನವಾಗಿ ಕೆಳಗಿಳಿದವು.

ವಸುಮತಿ ಮಗುವಿಗೆ ಜಗಲಿಯಲ್ಲೇ ಉಣ್ಣಿಸಿದಳು. ಮರ್ಕಂಜದಿಂದ ತಂದ ಸಾಬೂನಿನ ತುಂಡು ಹಟ್ಟಿಯ ಗೋಡೆಯ ಸಂದಿಯಲ್ಲಿತ್ತು. ದಿನಾ ಹಟ್ಟಿಯ ಮರೆಯಲ್ಲಿ ಹೊಲಿಗೆ ಬಿಚ್ಚಿ ಮೀಯಿಸಿ ಮತ್ತೆ ಹೊಲಿಯುತ್ತಿದ್ದಳು. ಬೇಲಿಯಾಚೆಯ ಮನೆಯ ಕದೀಜಮ್ಮ ಅಂಗಿಯ ಹೊಲಿಗೆ ನೋಡಿ, "ಎಂತ ಅಮ್ಮ, ನಿಮ್ಮ ಪುಳ್ಳಿ ಮಗುವನ್ನು ಗೋಣಿಚೀಲದ ಹಾಗೆ ಬಾಯಿ ಹೊಲಿದಿದ್ದಾರಲ್ಲ! ಪೇಟೆಗೆ ಮಾರಲಿಕ್ಕೆ ಉಂಟಾ?" ಎಂದು ನಕ್ಕರು. ಪರಮೇಶ್ವರಿಯಮ್ಮ ನಗಲಿಲ್ಲ.

ನಾಲ್ಕು ದಿನ ಅವರು ಹೊಸಿಲಿನ ಈಚೆ, ಮಗು ಆಚೆ. ಅದು ಅಂಬೆಗಾಲಿಟ್ಟು ಬಂದು ಕೈ ಎತ್ತುತ್ತಿತ್ತು; ವಸುಮತಿ ಎತ್ತಿಕೊಂಡು ಹೋಗುತ್ತಿದ್ದಳು. ಐದನೆಯ ದಿನ ಅವರು ಒಲೆಯ ಸೌದೆ ಹಿಂದಕ್ಕೆಳೆದು, ಹೊರಗೆ ಬಂದು, ಅಂಗಿ ಸಮೇತ ಮಗುವನ್ನು ಎದೆಗವಚಿಕೊಂಡರು. ಸಾಕಷ್ಟು ಹೊತ್ತು ಹಿಡಿದುಕೊಂಡು, ಕೆಳಗಿಳಿಸಿ, ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡು ಬೇರೆ ಸೀರೆ ಉಟ್ಟು ಒಳಗೆ ಹೋದರು.

ಅಲ್ಲಿಂದ ಅದೇ ಕ್ರಮವಾಯಿತು. ಬೆಳಗ್ಗೆ ಒಂದಿದ್ದ ಸ್ನಾನ ಮೂರಾಯಿತು, ಐದಾಯಿತು. ಮಗು ಬಹಳ ಕರೆದ ದಿನ ಏಳು. ಸಾಬೂನಿನಿಂದ ಕೈ ತೊಳೆಯಲು ಒಪ್ಪದ ಅವರು ಸುರಿಯುವ ಮಳೆಯಲ್ಲಿ ನೆತ್ತಿಯಿಂದ ಅಂಗಾಲಿನವರೆಗೆ ತೊಳೆದುಕೊಂಡರು. ಸೀರೆ ಒಣಗದೆ ಒದ್ದೆಯನ್ನೇ ಉಟ್ಟರು. ಕಾಲ್ಬೆರಳುಗಳ ಸಂದಿ ನೀರು ತಿಂದು ಬಿರಿಯಿತು. ಮೂಗು ಸೋರಿತು. ಆಟಿ ಕಳೆಯಿತು, ಗಣಪುವಿಗೆ ಭೇದಿ ಆಗಲಿಲ್ಲ. ಹರಕೆ ಫಲಿಸಿತು ಎಂದು ಅವರು ಊರಿಗೆಲ್ಲ ಹೇಳಿದರು.

ಪೇಟೆಯಲ್ಲಿ ಸಿಕ್ಕಿದ ಡಾಕ್ಟರು ವಸುಮತಿಯನ್ನು ಕೇಳಿದರು: "ಸಾಬೂನಿಗೆ ಒಪ್ಪಿದರಾ?"

"ಇಲ್ಲ ಡಾಕ್ಟ್ರೆ, ಮಗು ಮೈಲಿಗೆಯಾಯಿತು."

ಡಾಕ್ಟರಿಗೆ ಅರ್ಥವಾಗಲಿಲ್ಲ. ಆದರೂ ಒಳ್ಳೆಯದಾಯಿತು ಎಂದು ತಲೆಯಾಡಿಸಿದರು.

ಮರುವರ್ಷ ಗಣಪು ಓಡಲು ಕಲಿತ. ಒಂದು ಬೆಳಗ್ಗೆ, ಗೌರೀಶಂಕರ ಕಚೇರಿಗೆ ಹೊರಡುವ ಮೊದಲು ಹೊರಗೆ ಊಟಕ್ಕೆ ಮಣೆ ಹಾಕಿ ಕೂತಿದ್ದ. ಪರಮೇಶ್ವರಿಯಮ್ಮ ಕಡೆಯುವ ಕಲ್ಲಿನ ಮುಂದೆ ಕೂತು ಸಾಂಬಾರಿಗೆ ತೆಂಗಿನಕಾಯಿ ಕಡೆಯುತ್ತಿದ್ದರು. ಗಣಪು ಅಂಗಿಯಲ್ಲೇ ಹೊಸಿಲು ಹಾರಿ ಓಡಿ ಬಂದು ಹಿಂದಿನಿಂದ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದ. ಅನ್ನ, ಪಲ್ಯ, ಕಲ್ಲಿನಲ್ಲಿದ್ದ ಕಾಯಿ ಎಲ್ಲಕ್ಕೂ ಒಂದೇ ಗಳಿಗೆಯಲ್ಲಿ ಮೈಲಿಗೆ ತಟ್ಟಿತು. ವಸುಮತಿ ಹೊಸಿಲಿನವರೆಗೆ ಓಡಿ ಬಂದು ನಿಂತಳು.

ಪರಮೇಶ್ವರಿಯಮ್ಮ ಕಡೆಯುವುದನ್ನು ನಿಲ್ಲಿಸಿದರು. ಬೆನ್ನ ಮೇಲಿನ ಭಾರವನ್ನು ಹಾಗೆಯೇ ಮುಂದಕ್ಕೆ ಎಳೆದು ಮಡಿಲಲ್ಲಿ ಕೂರಿಸಿಕೊಂಡರು.

"ಮುಟ್ಟಿಯಾಯಿತಲ್ಲ ಪೋಕರಿ. ಇನ್ನು ಹೇಗೂ ಮೀಯಬೇಕು, ಅದಕ್ಕೆಂತ ಅವಸರ?" ಎಂದರು. ಆಮೇಲೆ ಸೊಸೆಯ ಕಡೆ ನೋಡದೆ, "ಅಂಗಿ ಕಂಕುಳಲ್ಲಿ ಬಿಗಿ ಆಗ್ತಾ ಉಂಟು, ದೊಡ್ಡದು ಹೊಲಿ" ಎಂದರು.

"ಅಮ್ಮಾ, ನನಗೆ ಹೊತ್ತಾಯಿತು!" ಎಂದು ಹೊರಗಿನಿಂದ ಕೂಗಿದ ಗೌರೀಶಂಕರ.

ಪುತ್ತೂರಿನ ಅತಿ ಶುದ್ಧವಾದ ಅಡುಗೆಮನೆಯಿಂದ ಉತ್ತರ ಬಂತು: "ಇವತ್ತು ಹೋಟ್ಲಲ್ಲಿ ತಿನ್ನು ಮಗಾ. ನನಗೆ ಈಗ ಏಳ್ಲಿಕ್ಕೆ ಆಗುದಿಲ್ಲ."