ಬದುಕಿರುವವರು ಎಂಬ ಫಿಲ್ಟರ್

ಬೆಟಗೇರಿಯ ನಮ್ಮ ಸಣ್ಣ ಆಫೀಸಿನಲ್ಲಿ ಕೂತು, ರಕ್ತದಾನಿಗಳನ್ನು ಹುಡುಕಿಕೊಡುವ ವೆಬ್‌ಸೈಟ್ ಒಂದನ್ನು ನಾನು ಬರೆದಿದ್ದೆ. ಒಂದೊಂದು ಷರತ್ತಿಗೆ ಒಂದೊಂದು ಫಿಲ್ಟರ್: ರಕ್ತದ ಗುಂಪಿಗೆ ಒಂದು, ಊರಿಗೆ ಒಂದು, ಕೊನೆಯ ಸಲ ರಕ್ತ ಕೊಟ್ಟು ಮೂರು ತಿಂಗಳು ಕಳೆದಿದೆಯೇ ಎಂದು ನೋಡಲು ಇನ್ನೊಂದು. ಒಮ್ಮೆ ಬರೆದಿಟ್ಟರೆ ಯಾವ ಪುಟದಲ್ಲಾದರೂ ಅವನ್ನು ಹೂವಿನಂತೆ ಪೋಣಿಸಬಹುದು. ಎಷ್ಟು ಪೋಣಿಸಿದರೂ ಕೊನೆಗೆ ಡೇಟಾಬೇಸಿಗೆ, ಅಂದರೆ ದಾನಿಗಳ ಪಟ್ಟಿಗೆ, ಹೋಗುವುದು ಒಂದೇ ಪ್ರಶ್ನೆ. ಆ ಅಚ್ಚುಕಟ್ಟು ನನಗೆ ಬಹಳ ಹಿಡಿಸಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದನ್ನೇ ಹೇಳುತ್ತಿದ್ದೆ.

ಅಣ್ಣನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಹೆರಿಗೆಗೆ ಮುಂಚೆಯೇ ರಕ್ತ ಹೋಗತೊಡಗಿತು. ಗದಗಿನ ಆಸ್ಪತ್ರೆಯಲ್ಲಿ ಅವಳಿಗೆ ಬೇಕಾದ ಓ ನೆಗೆಟಿವ್ ರಕ್ತ ಇರಲಿಲ್ಲ. ಅಣ್ಣ ಫೋನ್ ಮಾಡಿದ. ರಕ್ತ ತರಲು ಹುಬ್ಬಳ್ಳಿಗೆ ಕಾರು ಕಳಿಸಿದ್ದಾರಂತೆ, ಬರುವುದು ತಡವಾಗುತ್ತದಂತೆ.

“ನಿನ್ನ ವೆಬ್‌ಸೈಟಿನ್ಯಾಗ ಯಾರರ ಅದಾರೇನ್ ನೋಡವಾ,” ಎಂದ.

ಗುಂಪು, ಗದಗ-ಬೆಟಗೇರಿ, ಮೂರು ತಿಂಗಳು. ಮೂರನ್ನೂ ಸೇರಿಸಿ ಹುಡುಕಿದೆ. ಯಾರೂ ಇಲ್ಲ. ಊರಿನ ಫಿಲ್ಟರ್ ತೆಗೆದೆ. ಶಿರಹಟ್ಟಿಯ ಒಬ್ಬರು, ಮುಂಡರಗಿಯ ಒಬ್ಬರು ಬಂದರು. ಶಿರಹಟ್ಟಿಯ ಫೋನ್ ಸ್ವಿಚ್ ಆಫ್ ಆಗಿತ್ತು. ಮುಂಡರಗಿಯ ಫೋನನ್ನು ಹೆಂಗಸೊಬ್ಬರು ಎತ್ತಿದರು. ದಾನಿಯ ಹೆಸರು ಹೇಳಿ, ರಕ್ತ ಬೇಕಾಗಿತ್ತು ಎಂದೆ.

“ಅವ್ರು ಹೋಗಿ ವರ್ಷ ಆತ್ರಿ,” ಎಂದರು. “ನಾ ಅವ್ರ ಮನಿಯಾಕಿ.”

ತಪ್ಪಾಯಿತೆಂದು ಹೇಳಿ ಫೋನ್ ಇಡಲು ಹೋದೆ. ಅವರೇ ಮುಂದುವರಿಸಿದರು. “ರಕ್ತ ಬೇಕಂತ ಆಗಾಗ ಫೋನ್ ಬರ್ತಾವ್ರಿ. ಹೇಳಿ ಹೇಳಿ ರೂಢಿ ಆಗತೈತಿ ಅನ್ಕೊಂಡಿದ್ದೆ. ಆಗವಲ್ದು.”

ಯಾರಿಗೆ ಬೇಕಾಗಿತ್ತು ಎಂದು ಕೇಳಿ ತಿಳಿದುಕೊಂಡರು. ಮುಂಡರಗಿಯಲ್ಲಿ ವಿಚಾರಿಸಿ ನೋಡುತ್ತೇನೆ ಎಂದರು. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿ, ಯಾರೂ ಸಿಗಲಿಲ್ಲವೆಂದು ತಮ್ಮದೇ ತಪ್ಪೆಂಬಂತೆ ಹೇಳಿದರು.

ಹುಬ್ಬಳ್ಳಿಯಿಂದ ರಕ್ತ ಬಂತು. ವೈನಿ ಉಳಿದಳು. ಕೂಸು ಉಳಿಯಲಿಲ್ಲ.

ಮತ್ತೆ ಕೆಲಸಕ್ಕೆ ಹೋದ ದಿನ ಆ ಕೋಡನ್ನು ತೆರೆದೆ. ಅದರಲ್ಲಿ ಎಲ್ಲೂ ದೋಷವಿರಲಿಲ್ಲ. ತೀರಿಕೊಂಡವರು ಮತ್ತೆ ರಕ್ತ ಕೊಡುವುದಿಲ್ಲ. ಹಾಗಾಗಿ ಅವರ ಮೂರು ತಿಂಗಳು ಯಾವಾಗಲೂ ಕಳೆದೇ ಇರುತ್ತದೆ. ಯಾವ ಪುಟದಲ್ಲಿ ಹುಡುಕಿದರೂ ಎಲ್ಲರಿಗಿಂತ ಮೊದಲು ಅವರೇ ಅರ್ಹರು. “ಬದುಕಿರುವವರು” ಎಂಬ ಹೊಸ ಫಿಲ್ಟರ್ ಬರೆದು ಎಲ್ಲ ಹುಡುಕಾಟಗಳ ಮೊದಲಿಗೆ ಪೋಣಿಸಿದೆ. ಮುಂಡರಗಿಯವರ ಹೆಸರಿನ ಮುಂದೆ ತೀರಿಕೊಂಡವರೆಂದು ಗುರುತು ಹಾಕಿದೆ. ಹುಡುಕಿ ನೋಡಿದರೆ ಅವರು ಇಲ್ಲ. ಆದರೆ ಉಳಿದವರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ಯಾವ ಫಿಲ್ಟರ್ ಹೇಳಬೇಕು? ಒಬ್ಬೊಬ್ಬರ ಮನೆಗೂ ಫೋನ್ ಮಾಡಿ, ಇದ್ದೀರಾ ಎಂದು ಕೇಳಬೇಕು. ಲಕ್ಷ್ಮೇಶ್ವರದ ನಂಬರುಗಳಿಂದ ಶುರುಮಾಡೋಣವೆಂದು ಫೋನ್ ಕೈಗೆತ್ತಿಕೊಂಡೆ. ಒತ್ತಲಾಗಲಿಲ್ಲ.

ಸಂಜೆ ಮನೆಗೆ ಬಂದಾಗ ವೈನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಹಾ ಮಾಡಿಕೊಟ್ಟೆ. ಅವಳು ಕುಡಿಯಲಿಲ್ಲ, ನಾನೂ ಕುಡಿಯಲಿಲ್ಲ.