ಬಸಿ ನೀರಿನ ಬದನೆಕಾಯಿ

ಮೊಮ್ಮಗಳು ಪೊಟ್ಟಣ ಬಿಚ್ಚಿದಳು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರು, ನಾನೊಬ್ಬಳು ಮೂಗರಳಿಸಿದೆ. ಹೊಂಗೆ ಹಿಂಡಿ! ತಾರಸಿಯ ಮೇಲಿನ ಬದನೆ ಕುಂಡಗಳಿಗೆ ತಂದಿದ್ದಾಳಂತೆ. "ನೀರು ಬರೀ ಅಕ್ಕಿ ತೊಳೆದಿದ್ದು, ತರಕಾರಿ ತೊಳೆದಿದ್ದು ಅಜ್ಜಿ. ನಲ್ಲಿ ನೀರು ಒಂದು ಚೊಂಬೂ ಹಾಕಲ್ಲ" ಎಂದು ಜಂಬ ಕೊಚ್ಚಿದಳು. ಜಂಬದಲ್ಲಿ ನನ್ನನ್ನು ಮೀರಿಸಲು ಹೊರಟಿದ್ದಾಳೆ, ಪಾಪ. ನಮ್ಮತ್ತೆಯ ತೋಟದ ವಿಷಯ ಅವಳಿಗೆ ಗೊತ್ತಿಲ್ಲ. ನಿಮಗೂ ಗೊತ್ತಿರಲಾರದು, ಕೂತುಕೊಳ್ಳಿ, ಹೇಳುತ್ತೇನೆ.

ಆಗ ಯುದ್ಧದ ಕಾಲ, ಅಕ್ಕಿಗೆ ರೇಷನ್ನು. ನಾನು ಮದುವೆಯಾಗಿ ದೊಡ್ಡಬಳ್ಳಾಪುರದ ಕಡೆಯ ಒಂದು ಹಳ್ಳಿಗೆ ಬಂದೆ. ಹಿತ್ತಿಲಲ್ಲಿ ನಿಂತರೆ ಮಾಕಳಿದುರ್ಗ ಕಾಣುತ್ತಿತ್ತು. ನಿಂತು ನೋಡಲು ಪುರುಸೊತ್ತಾದರೂ ಎಲ್ಲಿ? ಬಂದ ಎಂಟನೇ ದಿನಕ್ಕೆ ಅತ್ತೆ ನನ್ನ ಸೊಂಟಕ್ಕೊಂದು ಬಿಂದಿಗೆ ಏರಿಸಿ ತೋಟಕ್ಕೆ ಕರೆದೊಯ್ದರು.

ತೋಟವೆಂದರೆ ಕೆರೆಯ ಕೆಳಗಿನ ಗದ್ದೆಗಳೆಲ್ಲ ಮುಗಿದ ಮೇಲೆ ಉಳಿದ ಒಂದು ತುಂಡು ನೆಲ. ಕೆರೆ ನೀರಿನಲ್ಲಿ ಅದಕ್ಕೆ ಪಾಲಿರಲಿಲ್ಲ. ಪಾಲಿದ್ದ ಗದ್ದೆಗಳು ಕುಡಿದು ಮಿಕ್ಕಿದ್ದು ಬದುಗಳ ಬುಡದಲ್ಲಿ ಬಸಿದು ಹಳ್ಳ ಸೇರುತ್ತಿತ್ತು. ಆ ಬಸಿ ನೀರಿಗೆ ಅತ್ತೆ ಅಡ್ಡಲಾಗಿ ಒಂದು ಗುಂಡಿ ತೋಡಿದ್ದರು. ಗುಂಡಿಯಿಂದ ಗಿಡಕ್ಕೆ ಬಿಂದಿಗೆಯಲ್ಲಿ ಹೊರುವುದು ಸೊಸೆಯ ಭಾಗ್ಯ. ಜೊತೆಗೆ ಕೊಟ್ಟಿಗೆ ಗೊಬ್ಬರ, ಕುರಿ ಹಿಕ್ಕೆ, ಗಂಜಲದಲ್ಲಿ ವಾರಗಟ್ಟಲೆ ಕೊಳೆಸಿದ ಹೊಂಗೆ ಹಿಂಡಿ. ಮೊದಲ ತಿಂಗಳು ನನಗೆ ಊಟದ ತಟ್ಟೆಯಲ್ಲೂ ಅದೇ ವಾಸನೆ ಬರುತ್ತಿತ್ತು. ಆದರೆ ಮೂಲಂಗಿ, ದಂಟು, ಬದನೆ ಹೇಗೆ ಬಂದವು ಅಂತೀರಿ! ಸಂತೆಯಲ್ಲಿ ನಮ್ಮ ಬದನೆಕಾಯಿಗೆ ಜನ ಕಾದು ನಿಲ್ಲುತ್ತಿದ್ದರು. ನೋಡಿದವರ ಹೊಟ್ಟೆ ಉರಿಯದೆ ಇರುತ್ತದೆಯೇ?

ಒಮ್ಮೆ ಅತ್ತೆ ತಮ್ಮ ತವರು ದೇವನಹಳ್ಳಿಗೆ ಎರಡು ದಿನ ಹೋದರು. ತೋಟ ನನ್ನ ಪಾಲಿಗೆ. ಬಿಸಿಲು, ಸೊಂಟನೋವು, ಮೇಲಾಗಿ ಮೈಗಳ್ಳತನ. ಮೇಲುಗಡೆ ಕೆರೆ ಕಾಲುವೆ ತುಂಬಿ ಹರಿಯುತ್ತಿತ್ತು. ಅದರ ದಂಡೆಗೆ ಗುದ್ದಲಿಯಿಂದ ಎರಡೇ ಏಟು ಹಾಕಿದೆ. ನೀರು ತಾನಾಗಿ ಬಂದು ಬದನೆಯ ಎರಡು ಸಾಲು ತೋಯಿಸಿತು. ಆಮೇಲೆ ಹಸಿ ಮಣ್ಣು ಮೆತ್ತಿ ಮುಚ್ಚಿದೆ. ನನ್ನಷ್ಟು ಜಾಣೆ ಊರಲ್ಲಿಲ್ಲ ಎಂದುಕೊಂಡು ಮನೆಗೆ ಬಂದು ಮಲಗಿದೆ.

ಆ ಹಸಿ ಮಣ್ಣು ನೀರುಗಂಟಿ ಮುನಿಯಪ್ಪನ ಕಣ್ಣಿಗೆ ಬಿತ್ತು. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವವನು ಅವನೇ. ಅತ್ತೆ ಬಂದ ಮಾರನೆಯ ದಿನ ನಾಲ್ಕು ಜನ ರೈತರನ್ನು ಕರೆದುಕೊಂಡು ತೋಟಕ್ಕೆ ಬಂದ.

"ಅಕ್ಕಯ್ಯ, ಬಸಿ ನೀರು ಬಸಿ ನೀರು ಅಂತ ಕೆರೆ ನೀರೇ ಕದೀತಿದ್ದೀರಾ. ಗುಂಡಿ ಮುಚ್ಚಿಸ್ಬೇಕು ಅಂತಿದ್ದಾರೆ ಇವ್ರೆಲ್ಲ."

ಗುಂಡಿ ಮುಚ್ಚಿದರೆ ತೋಟವೇ ಇಲ್ಲ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಏನಂದೆ ಮುನಿಯಪ್ಪ? ಕೆರೆ ನೀರು ಕುಡಿದ ಒಂದೇ ಒಂದು ಗಿಡ ಇಲ್ಲಿದ್ರೂ ಅದರ ಕಾಯಿ ನಮ್ಮನೆ ಒಲೆ ಹತ್ತಲ್ಲ!"

ನಾನೀಗ ಬಾಯಿ ಬಿಟ್ಟರೆ ಅತ್ತೆಯ ಮಾನ ಹೋಗುತ್ತದೆ. ಬಿಡದಿದ್ದರೆ ಆ ಮಾತು ಸುಳ್ಳಾಗುತ್ತದೆ, ಅದೂ ಅವರಿಗೇ ಗೊತ್ತಿಲ್ಲದಂತೆ. "ಅತ್ತೆಮ್ಮ, ಎರಡು ಸಾಲಿಗೆ ನಾನೇ ಬಿಟ್ಕೊಂಡೆ. ಒಂದೇ ದಿನ" ಎಂದೆ.

ಅತ್ತೆ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಸುಖವಿತ್ತು. "ಯಾವ ಸಾಲು? ತೋರ್ಸು" ಎಂದರು. ತೋರಿಸಿದೆ. ಬಗ್ಗಿ ಒಂದೊಂದೇ ಬದನೆಕಾಯಿ ಕಿತ್ತು ಮುನಿಯಪ್ಪನ ಟವೆಲಿಗೆ ತುಂಬಿದರು. "ಬಿಡಿ ಅಕ್ಕಯ್ಯ, ಹುಡುಗಿ ತಿಳೀದೆ ಮಾಡವ್ಳೆ" ಎಂದು ಅವನೇ ಪೇಚಾಡಿದ.

"ತಿಳೀದೆ ಅಲ್ಲ, ತಿಳಿದೇ ಮಾಡವ್ಳೆ. ಕೆರೆ ನೀರು ಕುಡಿದಿದ್ದು ಕೆರೆ ಕಾಯೋನಿಗೆ, ತಗೊಂಡೋಗು. ಈಗ ನನ್ನ ಮಾತು ಕೇಳು. ಮೂರು ದಿನ ಈ ಕಡೆ ಕಾಲುವೆ ಕಟ್ಟು. ನನ್ನ ಗುಂಡಿ ಬತ್ತಿದ್ರೆ ಅದು ಕಾಲುವೆ ನೀರು, ನಾನೇ ಮುಚ್ತೀನಿ."

ಕಟ್ಟಿದ. ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಎಲ್ಲರೂ ಗುಂಡಿಯ ಸುತ್ತ ಬಂದು ನಿಂತರು. ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಗುಂಡಿಯಲ್ಲಿ ಎಂದಿನಂತೆ ಮೊಳಕಾಲುದ್ದ ನೀರು. ಮುನಿಯಪ್ಪ ಕೋಲು ಇಳಿಬಿಟ್ಟು ನೋಡಿ ತಲೆ ಕೆರೆದುಕೊಂಡ.

"ನಾವು ಹಳ್ಳಕ್ಕೆ ಬಿಟ್ಟಿದ್ದನ್ನ ನೀವು ಊರಿಗೆ ಉಣ್ಣಿಸ್ತಾ ಇದ್ದೀರಲ್ಲ ಅಕ್ಕಯ್ಯ" ಎಂದ.

ಗುಂಡಿ ಮುಚ್ಚಿಸಲು ಬಂದಿದ್ದ ನಾಲ್ವರಲ್ಲಿ ಇಬ್ಬರು ಮರುವರ್ಷ ತಾವೂ ಗುಂಡಿ ತೋಡಿದರು. ಹಿಂಡಿ ಕೊಳೆಸುವ ಬಗೆ ಕೇಳಲು ನಮ್ಮ ಜಗುಲಿಗೇ ಬಂದರು. ಆದರೆ ಆ ಬೆಳೆ ಮುಗಿಯುವವರೆಗೂ ಆ ಎರಡು ಸಾಲಿನ ಕಾಯಿಯನ್ನು ಮುನಿಯಪ್ಪನ ಮನೆಗೆ ಹೊತ್ತದ್ದು ನಾನೇ. ಅತ್ತೆ ಒಂದು ಸಲವೂ ಮರೆಯಲಿಲ್ಲ. ಮೊದಮೊದಲು ತಲೆ ತಗ್ಗಿಸಿ ಹೋಗುತ್ತಿದ್ದೆ. ಕಡೆಕಡೆಗೆ ಅಂಥವರ ಸೊಸೆ ನಾನು ಎಂದು ತಲೆ ಎತ್ತಿಕೊಂಡೇ ಹೋದೆ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ತಾರಸಿಯಲ್ಲಿ ಹಿಂಡಿ ಕಲಸುತ್ತಿದ್ದ ಅವಳ ಕೈ ನಿಂತಿತು.

"ಅಜ್ಜಿ, ಮೊನ್ನೆ ಬಾಡಿತ್ತು ಅಂತ ಆ ಮೂಲೆ ಕುಂಡಕ್ಕೆ ನಲ್ಲಿ ನೀರು ಹಾಕ್ಬಿಟ್ಟೆ."

ಮೂಲೆ ಕುಂಡದಲ್ಲಿ ನಾಲ್ಕು ಕಾಯಿ ಬಿಟ್ಟಿದ್ದವು. ಇಡೀ ತಾರಸಿಯಲ್ಲಿ ಅಷ್ಟೇ. ನಾನು ಅವಳ ಮುಖವನ್ನೇ ನೋಡಿದೆ. ಬೈಯಲಿಲ್ಲ. ನಾಲ್ಕನ್ನೂ ಕಿತ್ತು ಅವಳ ಮಡಿಲಿಗೆ ಹಾಕಿದೆ.

"ನಮ್ಮ ಬೀದಿಗೆ ನೀರು ಬಿಡೋನು ಬೆಳಿಗ್ಗೆ ಬರ್ತಾನಲ್ಲ," ಎಂದೆ, "ನೀನೇ ಹೋಗಿ ಕೊಟ್ಟು ಬಾ."